ದರಕಿನ ಅಡಿ ಉಳಿದವರು: ಡೈನೋಸಾರ್ ಅಳಿವಿನ ಬಗ್ಗೆ ಒಂದು ಟಿಪ್ಪಣಿ

ಹೋದ ವಾರ ಶಿರಸಿ ಹತ್ತಿರದ ಅಜ್ಜನಮನೆಗೆ ಹೋಗಿದ್ದೆ. ಅಡಿಕೆ ತೋಟಕ್ಕೆ ಹಾಕಲು ಬೆಟ್ಟದಿಂದ ತಂದ ದರಕು (ಉದುರಿದ ಒಣ ಎಲೆ) ಕೊಟ್ಟಿಗೆ ಪಕ್ಕ ರಾಶಿ ಬಿದ್ದಿತ್ತು. ಮಾವ ಬುಟ್ಟಿಗೆ ತುಂಬುತ್ತಿದ್ದರು, ನಾನೂ ಕೈಜೋಡಿಸಿದೆ. ಮೇಲಿನ ಎಲೆ ಗರಿಗರಿ. ಒಳಗೆ ಕೈ ಹಾಕಿದರೆ ತಣ್ಣಗೆ, ಒದ್ದೆ. ತಳದ ಪದರ ಎತ್ತಿದ ಕೂಡಲೇ ಎರೆಹುಳ, ಸುರುಳಿ ಸುತ್ತಿಕೊಂಡ ಸಹಸ್ರಪದಿ, ಬೆಳ್ಳಗಿನ ಗೊಬ್ಬರದ ಹುಳ, ಮತ್ತೆ ಉಗುರಿನಷ್ಟು ಪುಟ್ಟ ಒಂದು ಕಪ್ಪೆ. "ಸತ್ತ ಎಲೆ ಆದ್ರೂ ಎಷ್ಟ್ ಜೀವಕ್ಕೆ ಊಟ ಹಾಕ್ತು ನೋಡು ತಮಾ" ಅಂದರು ಮಾವ.

ಡೈನೋಸಾರ್ ಪಾಠದಲ್ಲಿ ನನಗೆ ಬಗೆಹರಿಯದೆ ಉಳಿದಿದ್ದ ಪ್ರಶ್ನೆಗೆ ಆ ರಾಶಿಯ ಅಡಿಯಲ್ಲೇ ಉತ್ತರ ಇತ್ತು. ಅಷ್ಟು ದೊಡ್ಡ ಪ್ರಾಣಿಗಳು ಹೋದವು, ಕಪ್ಪೆ ಹೇಗೆ ಉಳಿಯಿತು? ಕಾರವಾರದಲ್ಲಿ ಸಂಜೆ ಒಟ್ಟಿಗೆ ಕೂತು ಓದುವ ನಮ್ಮ ಗುಂಪಿಗಾಗಿ ಅದನ್ನು ಬರೆಯುತ್ತಿದ್ದೇನೆ.

ಮೊದಲು ಆದದ್ದೇನು ಅಂತ ನೋಡೋಣ. ಸುಮಾರು 6.6 ಕೋಟಿ ವರ್ಷದ ಹಿಂದೆ, 10 ಕಿಲೋಮೀಟರಿಗೂ ಜಾಸ್ತಿ ಅಗಲದ ಒಂದು ಕ್ಷುದ್ರಗ್ರಹ ಈಗಿನ ಮೆಕ್ಸಿಕೋದ ಯುಕಟಾನ್ ದಂಡೆಗೆ ಬಂದು ಬಡಿಯಿತು. ಅಲ್ಲಾದ ಗುಂಡಿಯ ಹೆಸರು ಚಿಕ್ಸುಲೂಬ್. ಅಗಲ ಸುಮಾರು 180 ಕಿಲೋಮೀಟರ್. ಕಾರವಾರದಿಂದ ಉಡುಪಿಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ದೂರ. ಈಗ ಅದು ಕಣ್ಣಿಗೆ ಕಾಣುವುದಿಲ್ಲ. ಅರ್ಧ ಸಮುದ್ರದಲ್ಲಿದೆ, ಅರ್ಧ ಸುಣ್ಣಕಲ್ಲಿನ ಅಡಿ ಹೂತಿದೆ.

ಇದು ಗೊತ್ತಾದ ಬಗೆ ನನಗೆ ತುಂಬ ಇಷ್ಟ. ಇಟಲಿಯ ಗುಬ್ಬಿಯೋ ಊರಿನ ಬಳಿ ಸುಣ್ಣಕಲ್ಲಿನ ಪದರಗಳ ನಡುವೆ ಒಂದು ಸೆಂಟಿಮೀಟರಿನಷ್ಟು ದಪ್ಪದ ಜೇಡಿಮಣ್ಣಿನ ಪಟ್ಟಿ ಇದೆ. ಅದರ ಕೆಳಗಿನ ಕಲ್ಲಿನಲ್ಲಿ ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪು ತುಂಬಿವೆ, ಮೇಲಿನ ಕಲ್ಲಿನಲ್ಲಿ ಅವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಮಣ್ಣು ಕೂರಲು ಎಷ್ಟು ಕಾಲ ಹಿಡಿಯಿತು ಎಂದು ಭೂವಿಜ್ಞಾನಿ ವಾಲ್ಟರ್ ಆಲ್ವಾರೆಜ್ ತಿಳಿಯಬೇಕಿತ್ತು. ಅವರ ಅಪ್ಪ ಲೂಯಿಸ್ ಆಲ್ವಾರೆಜ್ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಇರಿಡಿಯಂ ಎಂಬ ಲೋಹ ಆಕಾಶದ ದೂಳಿನ ಜೊತೆ ಸದಾ ಒಂದೇ ಲೆಕ್ಕದಲ್ಲಿ ಉದುರುತ್ತದೆ, ಅದನ್ನು ಅಳೆದರೆ ಕಾಲ ತಿಳಿಯಬಹುದು ಎಂದುಕೊಂಡು, ರಸಾಯನಶಾಸ್ತ್ರಜ್ಞರಾದ ಫ್ರಾಂಕ್ ಅಸಾರೋ, ಹೆಲೆನ್ ಮಿಶೆಲ್ ಜೊತೆ ಸೇರಿ ಅಪ್ಪ ಮಗ ಆ ಮಣ್ಣಿನಲ್ಲಿ ಅದನ್ನು ಅಳೆದರು. ಇರಬೇಕಾದ್ದಕ್ಕಿಂತ ಸುಮಾರು 30 ಪಟ್ಟು ಇತ್ತು! ಇರಿಡಿಯಂ ಭೂಮಿಯ ಮೇಲ್ಪದರದಲ್ಲಿ ಬಹಳ ಅಪರೂಪ, ಉಲ್ಕಾಶಿಲೆಗಳಲ್ಲಿ ಜಾಸ್ತಿ. ಹಾಗಾಗಿ ಇದು ಆಕಾಶದಿಂದಲೇ ಬಂದಿರಬೇಕು ಎಂದು 1980ರಲ್ಲಿ ಬರೆದರು. ಆಗ ಗುಂಡಿ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಚಿಕ್ಸುಲೂಬ್‌ ಗುಂಡಿಯೇ ಅದು ಎಂಬ ವಾದ ಬಂದದ್ದು 1991ರಲ್ಲಿ.

2016ರಲ್ಲಿ ವಿಜ್ಞಾನಿಗಳು ಅದೇ ಗುಂಡಿಗೆ ಕೊಳವೆ ಇಳಿಸಿ ಕಲ್ಲಿನ ತುಂಡು ತೆಗೆದರು. ಬಂದದ್ದು ಗ್ರಾನೈಟ್. ಎಷ್ಟೋ ಕಿಲೋಮೀಟರ್ ಆಳದಲ್ಲಿರಬೇಕಾದ ಕಲ್ಲು ಆ ಹೊಡೆತಕ್ಕೆ ಮೇಲೆ ಚಿಮ್ಮಿ ಬಂದಿತ್ತು. ಸುತ್ತಲಿನ ನೆಲದಲ್ಲಿ ಜಿಪ್ಸಂ ಬೇಕಾದಷ್ಟಿದೆ, ಆ ತುಂಡುಗಳಲ್ಲಿ ಮಾತ್ರ ಅದು ಇಲ್ಲವೆನ್ನುವಷ್ಟು ಕಡಿಮೆ. ಜಿಪ್ಸಂನಲ್ಲಿ ಗಂಧಕ ಇರುತ್ತದೆ. ಅದೆಲ್ಲ ಆವಿಯಾಗಿ ಆಕಾಶಕ್ಕೆ ಹೋಗಿತ್ತು. ಇದನ್ನು ಗುರುತು ಹಾಕಿಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಡಿಕ್ಕಿಯ ದಿನ ಸುನಾಮಿ, ಬೆಂಕಿ, ಭೂಕಂಪ ಎಲ್ಲ ಆಯಿತು. ಆದರೆ ಯುಕಟಾನ್‌ನಲ್ಲಿ ಆದ ಡಿಕ್ಕಿಗೆ ಭೂಮಿಯ ಆ ಬದಿಯಲ್ಲಿದ್ದ ಪ್ರಾಣಿ ಯಾಕೆ ಸಾಯಬೇಕು? ಕತ್ತಲಿನಿಂದ. ಗಂಧಕದ ಹನಿ, ದೂಳು, ಮಸಿ ಸೇರಿ ಸೂರ್ಯನನ್ನು ಮುಚ್ಚಿದವು. ಶಿರಸಿಯ ಆಷಾಢ ಗೊತ್ತಲ್ವಾ? ವಾರಗಟ್ಟಲೆ ಬಿಸಿಲಿಲ್ಲ, ಬಟ್ಟೆ ಒಣಗುವುದಿಲ್ಲ. ಅದಕ್ಕಿಂತ ಎಷ್ಟೋ ಪಾಲು ದಟ್ಟ ಕತ್ತಲು ತಿಂಗಳುಗಟ್ಟಲೆ, ಜೊತೆಗೆ ವರ್ಷಗಟ್ಟಲೆ ಕೊರೆಯುವ ಚಳಿ. ಬಿಸಿಲಿಲ್ಲದೆ ಎಲೆ ಆಹಾರ ಮಾಡುವುದಿಲ್ಲ. ಎಲೆ ತಿನ್ನುವ ಪ್ರಾಣಿ ಹಸಿದು ಸತ್ತಿತು. ಅದನ್ನು ತಿನ್ನುವ ಪ್ರಾಣಿಗೆ ಒಂದಷ್ಟು ದಿನ ಹೆಣಗಳ ಊಟ ಸಿಕ್ಕಿತು, ಆಮೇಲೆ ಅದೂ ಸತ್ತಿತು. ಒಟ್ಟು ಜೀವಜಾತಿಗಳಲ್ಲಿ ಸುಮಾರು 75% ಅಳಿದವು.

ಜ್ವಾಲಾಮುಖಿಯೇ ಕಾರಣ ಎಂಬ ವಾದವನ್ನೂ ಬಿಡುವಂತಿಲ್ಲ, ಅದು ನಮ್ಮ ಪಕ್ಕದ್ದೇ. ದಖ್ಖನ್ ಲಾವಾ ಹರಿದದ್ದು ಇದೇ ಕಾಲದಲ್ಲಿ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲು, ಎರೆಮಣ್ಣು ಅದರಿಂದಲೇ ಬಂದದ್ದು. ಲಾವಾ ಡಿಕ್ಕಿಗೆ ಮೊದಲೇ ಶುರುವಾಗಿ ಆಮೇಲೂ ಹರಿಯಿತು. ಅದರ ಅನಿಲಗಳು ಹವಾಮಾನ ಕೆಡಿಸಿದ್ದೂ ಹೌದು. ಆದರೂ ಸಮುದ್ರದಲ್ಲಿ ಆ ಸಾವು ಎಷ್ಟು ಥಟ್ಟನೆ ಆಗಿದೆ ಎಂದರೆ, ದೊಡ್ಡ ಪೆಟ್ಟು ಡಿಕ್ಕಿಯದ್ದೇ ಎನ್ನುವವರೇ ಇವತ್ತು ಹೆಚ್ಚು. ನನಗೂ ಅದೇ ಸರಿ ಅನಿಸುತ್ತದೆ. ಕಾರವಾರದಲ್ಲಿ ಡೈನೋಸಾರ್ ಮೂಳೆ ಯಾಕೆ ಸಿಗುವುದಿಲ್ಲ ಎಂದು ಮೊನ್ನೆ ಯಾರೋ ಕೇಳಿದ್ದಿರಿ. ನಮ್ಮ ಗುಡ್ಡದ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು. ಡೈನೋಸಾರ್ ಹುಟ್ಟುವ ಎಷ್ಟೋ ಮೊದಲೇ ಆ ಕಲ್ಲು ಗಟ್ಟಿಯಾಗಿತ್ತು. ಮೂಳೆ, ಮೊಟ್ಟೆ ಸಿಗುವುದು ಗುಜರಾತ್, ಮಧ್ಯಪ್ರದೇಶದ ನರ್ಮದಾ ಕಣಿವೆಯ ಕಡೆ.

ಈಗ ದರಕಿಗೆ ಬರೋಣ.

ಪ್ರತಿ ಮಳೆಗಾಲ ಜೂನ್ ಒಂದರಿಂದ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಕಡಲಿಗಿಳಿಯುವುದಿಲ್ಲ. ಹಸಿ ಮೀನು ಬೇಕೇಬೇಕು ಎನ್ನುವವರಿಗೆ ಕಷ್ಟ. ಒಣಮೀನು, ಒಣ ಸಿಗಡಿ ಕಟ್ಟಿಟ್ಟುಕೊಂಡವರ ಮನೆಯಲ್ಲಿ ಸಾರು ನಡೆಯುತ್ತದೆ. ಆಗ ಆದದ್ದೂ ಹೀಗೇ. ಹಸಿರು ಎಲೆ ಎಂದರೆ ಹಸಿ ಮೀನು, ಬಿಸಿಲು ನಿಂತ ದಿನವೇ ಅದರ ಪೂರೈಕೆ ನಿಂತಿತು. ಉದುರಿದ ಎಲೆ, ಕೊಳೆತ ಮರ, ಮಣ್ಣಲ್ಲಿ ಹೂತ ಬೀಜ ಎಂದರೆ ಒಣಮೀನು. ಕಾಡು ಸತ್ತಾಗ ಈ ದಾಸ್ತಾನು ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಅದನ್ನು ಹುಳ ತಿಂದವು, ಹುಳವನ್ನು ಕಪ್ಪೆ, ಹಲ್ಲಿ, ಇಲಿಯಷ್ಟು ಪುಟ್ಟ ಸಸ್ತನಿಗಳು ತಿಂದವು. ಕೊಳೆತದ್ದನ್ನು ತಿನ್ನುವ ಸರಪಳಿ ಜೀವ ಉಳಿಸಿತು ಎಂಬ ಈ ವಾದವನ್ನು 1986ರಲ್ಲಿ ಶೀಹನ್ ಮತ್ತು ಹ್ಯಾನ್ಸನ್ ಎಂಬ ವಿಜ್ಞಾನಿಗಳು ಮುಂದಿಟ್ಟರು. ಹೊಳೆಗೂ ಇದೇ ಲೆಕ್ಕ. ಹೊಳೆಯ ಜೀವಗಳ ಊಟ ಬಹುಪಾಲು ದಡದಿಂದ ಬಿದ್ದ ಎಲೆ, ಕಸ. ಅಮೆರಿಕದ ಮೊಂಟಾನಾದಲ್ಲಿ ಸಿಕ್ಕ ಪಳೆಯುಳಿಕೆಗಳನ್ನು ಎಣಿಸಿದಾಗ ಸಿಹಿನೀರಿನ ಜಾತಿಗಳಲ್ಲಿ 90% ಉಳಿದಿದ್ದವು, ನೆಲದ ಜಾತಿಗಳಲ್ಲಿ ಬರೀ 12%. ಈ ಎರಡು ಅಂಕೆ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲ ಸ್ಪಷ್ಟ.

ಮೊಸಳೆ ಮಾತ್ರ ದೊಡ್ಡದು, ಅದು ಹೇಗೆ ಉಳಿಯಿತು? ದಾಂಡೇಲಿಯಲ್ಲಿ ಕಾಳಿ ನದಿಯ ದಡದಲ್ಲಿ ಬಾಯಿ ತೆರೆದು ಮಲಗಿರುವುದನ್ನು ನೋಡಿರುತ್ತೀರಿ. ಗಂಟೆಗಟ್ಟಲೆ ಅಲುಗಾಡುವುದಿಲ್ಲ. ಮೈ ಬಿಸಿ ಇಟ್ಟುಕೊಳ್ಳಲು ಅದು ಊಟ ಖರ್ಚು ಮಾಡುವುದಿಲ್ಲ, ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಮೇಲಾಗಿ ಹೊಳೆಯಲ್ಲೇ ವಾಸ. ಆಮೆಗೂ ಇದೇ ಅನುಕೂಲ ಇತ್ತು.

ಹಕ್ಕಿಗಳ ವಿಷಯದಲ್ಲಿ ತುಂಬ ಜನ ತಪ್ಪುತ್ತಾರೆ. ಹಕ್ಕಿಗಳು ಡೈನೋಸಾರ್ ವಂಶದವೇ, ಹಾಗಾಗಿ ಎಲ್ಲ ಡೈನೋಸಾರ್‌ಗಳೂ ಅಳಿದವು ಎಂದು ಬರೆಯಬೇಡಿ. ಹಾಗಂತ ಎಲ್ಲ ಹಕ್ಕಿಗಳೂ ಉಳಿಯಲಿಲ್ಲ. ಕಾಡು ಹೋದಾಗ ಮರದ ಮೇಲೆ ಬಾಳುವ ಹಕ್ಕಿಗಳು ಹೋದವು. ಹಲ್ಲಿದ್ದ ಹಕ್ಕಿಗಳೂ ಹೋದವು. ಉಳಿದವು ಬಹುಶಃ ಹೆಚ್ಚಾಗಿ ನೆಲದಲ್ಲಿ ಓಡಾಡುತ್ತಾ ಕೊಕ್ಕಿನಿಂದ ಬೀಜ ಕುಟ್ಟಿ ತಿನ್ನಬಲ್ಲ ಕೆಲವೇ ಕೆಲವು. ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿ ಈಗ ಮರದ ತುದಿಯಲ್ಲಿ ಕೂರುತ್ತದೆ, ಅದರ ಪೂರ್ವಿಕರು ನೆಲದಲ್ಲಿ ಕೆದಕಿ ಬದುಕಿದವರು. ಸಸ್ತನಿಗಳೂ ಸುಲಭವಾಗಿ ಪಾರಾಗಲಿಲ್ಲ, ಬಹುಪಾಲು ಜಾತಿಗಳು ಸತ್ತವು. ಹಾರುವ ಸರೀಸೃಪ ಟೆರೋಸಾರ್, ಕಡಲಿನ ಸರೀಸೃಪ ಮೋಸಾಸಾರ್ ಆಗಲೇ ಅಳಿದವು. ಆದರೆ ಅವು ಡೈನೋಸಾರ್ ಅಲ್ಲ.

ಸಮುದ್ರದಿಂದ ಒಂದೇ ಉದಾಹರಣೆ ಸಾಕು. ಬೊಂಡಾಸಿನ (ಸ್ಕ್ವಿಡ್) ದೂರದ ನೆಂಟ, ಸುರುಳಿ ಚಿಪ್ಪಿನ ಅಮೋನೈಟ್ ಅಳಿಯಿತು. ನೋಡಲು ಅದರಂತೆಯೇ ಇರುವ ನಾಟಿಲಸ್ ಇಂದಿಗೂ ಇದೆ. ಅಮೋನೈಟ್ ಮರಿಗಳು ತೀರ ಚಿಕ್ಕವು, ನೀರಿನ ಮೇಲ್ಪದರದಲ್ಲಿ ತೇಲುತ್ತಾ ಅಲ್ಲಿನ ಸೂಕ್ಷ್ಮಜೀವಿಗಳನ್ನೇ ನಂಬಿದ್ದವು. ನಾಟಿಲಸ್ ದೊಡ್ಡ ಮೊಟ್ಟೆ ಇಡುತ್ತದೆ, ಆಳದಲ್ಲಿ ಸತ್ತದ್ದನ್ನೂ ತಿನ್ನುತ್ತದೆ. ಇದೇ ಕಾರಣ ಇರಬೇಕು ಎನ್ನುತ್ತಾರೆ.

ಮತ್ತೆ ಕಪ್ಪೆ. ಇವತ್ತಿನ ಕಪ್ಪೆ ಜಾತಿಗಳಲ್ಲಿ 88% ಆ ಕತ್ತಲು ದಾಟಿ ಬಂದ ಮೂರೇ ವಂಶಗಳಿಂದ ಹರಡಿದವು ಎಂದು 2017ರ ಒಂದು ಅಧ್ಯಯನ ಹೇಳಿತು. ನಮ್ಮ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ, 2014ರಲ್ಲಿ ಹೊಸ ಜಾತಿ ಎಂದು ಗುರುತಿಸಿದರು. ಇದರ ಕುಟುಂಬ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಆ ವಂಶ ಬಹಳ ಹಳೆಯದು. ಮಳೆಗಾಲದ ರಾತ್ರಿ ಹಳ್ಳದ ಬದಿಯಲ್ಲಿ ಗಂಡು ಕಪ್ಪೆ ಹಿಂಗಾಲ ಮೇಲೆ ನಿಲ್ಲುತ್ತದೆ, ಮುಂಗೈಯಲ್ಲಿ ಕೆಸರು ಎತ್ತಿ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮೆತ್ತುತ್ತದೆ.