ಟ್ರಬಲ್ ಕೋಡ್ ಅಂದರೇನು? ಒಂದೇ ಗಾಡಿಯಲ್ಲಿ ನಾಲ್ಕು ಬಂದರೆ ಓದುವುದು ಹೇಗೆ?

ಟೆಕ್ಸಸ್‌ನಲ್ಲಿರುವ ನನ್ನ ಭಾವನ ಹತ್ತಿರ 1999ರ ಒಂದು ವಿ8 ಪೆಟ್ರೋಲ್ ಪಿಕಪ್ ಇದೆ. ಹೋದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಅದರಲ್ಲಿ ಚೆಕ್ ಎಂಜಿನ್ ದೀಪ ಉರಿಯುತ್ತಿತ್ತು. ಸ್ಕ್ಯಾನರ್ ಹಾಕಿದರೆ ನಾಲ್ಕು ಕೋಡ್: ಪಿ0171, ಪಿ0174, ಪಿ0300, ಪಿ0420. "ನಾಲ್ಕು ಪಾರ್ಟ್ ಹೋಗಿದೆ ಅಂತ ಕಾಣುತ್ತೆ, ಮಾರಿಬಿಡೋಣ ಅಂತಿದ್ದೀನಿ" ಅಂದರು ಭಾವ. ಆಗಲೇ ಎರಡು ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ಅಳೆಯುವವು) ಬದಲಾಯಿಸಿದ್ದರು. ದೀಪ ಮಾತ್ರ ಆರಿರಲಿಲ್ಲ.

ತುಂಬಾ ಜನ ಎಡವುವುದು ಇಲ್ಲೇ. ಕೋಡ್ ಅಂದರೆ ಕೆಟ್ಟ ಪಾರ್ಟಿನ ಹೆಸರು ಅಂದುಕೊಳ್ಳುತ್ತಾರೆ. ಹಾಗಲ್ಲ. ಎಂಜಿನ್ನಿನ ಕಂಪ್ಯೂಟರ್ ಸೆನ್ಸರ್‌ಗಳು ಕೊಡುವ ಲೆಕ್ಕವನ್ನು ಸದಾ ನೋಡುತ್ತಿರುತ್ತದೆ. ಯಾವುದಾದರೂ ಲೆಕ್ಕ ಮಿತಿ ದಾಟಿದರೆ ಒಂದು ಸಂಖ್ಯೆ ಬರೆದಿಟ್ಟುಕೊಳ್ಳುತ್ತದೆ. ಆ ಸಂಖ್ಯೆಯೇ ಟ್ರಬಲ್ ಕೋಡ್. ಪೂರ್ತಿ ಹೆಸರು ಡಯಾಗ್ನೋಸ್ಟಿಕ್ ಟ್ರಬಲ್ ಕೋಡ್, ಚಿಕ್ಕದಾಗಿ ಡಿಟಿಸಿ. ಹೆಸರಲ್ಲೇ ಇದೆ ನೋಡಿ: ತೊಂದರೆ ಇದೆ ಅಂತ ಹೇಳುತ್ತದೆ, ಯಾರಿಂದ ಅಂತ ಹೇಳುವುದಿಲ್ಲ. ಅದನ್ನು ಹುಡುಕುವ ಕೆಲಸ ನಮ್ಮದು.

ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಾರು ಮತ್ತು ಸಣ್ಣ ಟ್ರಕ್ಕುಗಳಿಗೆ ಓಬಿಡಿ-2 ಅನ್ನುವ ವ್ಯವಸ್ಥೆ ಕಡ್ಡಾಯವಾಯಿತು. ಅದಕ್ಕೆ ಮುಂಚೆ ಒಂದೊಂದು ಕಂಪನಿಯ ಕೋಡೂ ಸಾಕೆಟ್ಟೂ ಒಂದೊಂದು ಥರ. ಆಮೇಲೆ ಎಲ್ಲದಕ್ಕೂ 16 ಪಿನ್ನಿನ ಒಂದೇ ಸಾಕೆಟ್ ಬಂತು. ನಮ್ಮ ಬಿಎಸ್-6 ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಕೈ ಹಾಕಿದರೆ ಸಿಗುವುದೂ ಅದೇ ಸಾಕೆಟ್.

ಕೋಡನ್ನು ಬಿಡಿಸಿ ಓದುವುದು ಕಷ್ಟವೇನಲ್ಲ. ಮೊದಲಲ್ಲಿ ಪಿ ಇದ್ದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಕಡೆಯ ವಿಷಯ. ಮುಂದಿನ 0 ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್. ಅಲ್ಲಿ 1 ಇದ್ದರೆ ಆ ಕಂಪನಿಯದ್ದೇ ಸ್ವಂತ ಕೋಡ್, ಅದರ ಅರ್ಥವನ್ನು ಆ ಗಾಡಿಯ ಮ್ಯಾನ್ಯುಯಲ್‌ನಲ್ಲೇ ನೋಡಬೇಕು. ಮೂರನೆಯ ಜಾಗದಲ್ಲಿ 1 ಬಂದರೆ ಗಾಳಿ ಮತ್ತು ಪೆಟ್ರೋಲಿನ ಲೆಕ್ಕ, 3 ಬಂದರೆ ಕಿಡಿ ಮತ್ತು ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹೋಗುವುದು), 4 ಬಂದರೆ ಹೊಗೆ ಶುದ್ಧ ಮಾಡುವ ಭಾಗಗಳು.

ಈಗ ಭಾವನ ಗಾಡಿಗೆ ಬರೋಣ. ವಿ8 ಎಂಜಿನ್ನಿನಲ್ಲಿ ನಾಲ್ಕು ನಾಲ್ಕು ಸಿಲಿಂಡರಿನ ಎರಡು ಸಾಲು ಇರುತ್ತವೆ. ಒಂದನೇ ಸಿಲಿಂಡರ್ ಇರುವ ಸಾಲು ಬ್ಯಾಂಕ್ 1, ಇನ್ನೊಂದು ಬ್ಯಾಂಕ್ 2. ಪಿ0171 ಅಂದರೆ ಬ್ಯಾಂಕ್ 1 ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಪಿ0174 ಅಂದರೆ ಬ್ಯಾಂಕ್ 2 ಕೂಡ ಲೀನ್. ಪಿ0300 ಅಂದರೆ ಯಾವುದೋ ಒಂದೇ ಸಿಲಿಂಡರ್ ಅಲ್ಲ, ಅಲ್ಲೊಂದು ಇಲ್ಲೊಂದು ಮಿಸ್ ಹೊಡೆಯುತ್ತಿದೆ. ಪಿ0420 ಅಂದರೆ ಬ್ಯಾಂಕ್ 1ರ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ.

ಎರಡು ಸಾಲೂ ಒಟ್ಟಿಗೆ ಲೀನ್ ಆಗಿವೆ ಅಂದರೆ ತೊಂದರೆ ಎರಡಕ್ಕೂ ಸಾಮಾನ್ಯವಾದ ಕಡೆ ಇರಬೇಕು, ಅಲ್ವಾ? ಎರಡು ಆಕ್ಸಿಜನ್ ಸೆನ್ಸರ್ ಒಂದೇ ದಿನ ಒಂದೇ ಥರ ಕೆಡುವುದು ಅಪರೂಪ. ಅವು ನಿಜವನ್ನೇ ಹೇಳುತ್ತಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಪಾಪ, ಅವನ್ನೇ ಬಿಚ್ಚಿ ಎಸೆದಿದ್ದರು.

ಇಂಥ ಹೊತ್ತಲ್ಲಿ ನೋಡಬೇಕಾದದ್ದು ಫ್ಯೂಯಲ್ ಟ್ರಿಮ್. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಅನ್ನುವ ಶೇಕಡಾ ಸಂಖ್ಯೆ ಇದು. ಈಗಿನ ಕಡಿಮೆ ಬೆಲೆಯ ಸ್ಕ್ಯಾನರ್‌ಗಳೂ ಇದನ್ನು ತೋರಿಸುತ್ತವೆ. ಪ್ಲಸ್ ಆಗಲಿ ಮೈನಸ್ ಆಗಲಿ, ಶೇ 10ರ ಒಳಗಿದ್ದರೆ ಚಿಂತೆ ಇಲ್ಲ. ಭಾವನ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಎರಡೂ ಕಡೆ ಪ್ಲಸ್ 24ರ ಆಸುಪಾಸು ಇತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಪ್ಲಸ್ 6ಕ್ಕೆ ಇಳಿಯಿತು.

ಈ ಇಳಿತವೇ ದೊಡ್ಡ ಸುಳಿವು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿ ಸ್ವಲ್ಪ. ಆಗ ಎಲ್ಲೋ ಒಂದು ತೂತಿನಿಂದ ಕಳ್ಳದಾರಿಯಲ್ಲಿ ಗಾಳಿ ನುಗ್ಗಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ವೇಗ ಏರಿದಾಗ ಒಟ್ಟು ಗಾಳಿ ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ, ತೂತಿನ ಗಾಳಿ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪೆಟ್ರೋಲ್ ಪಂಪ್ ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ಇದು ತಿರುಗಾಮುರುಗಾ ಆಗುತ್ತಿತ್ತು. ಲೋಡ್ ಬಿದ್ದಷ್ಟೂ ಲೀನ್ ಹೆಚ್ಚುತ್ತಿತ್ತು.

ಬಾನೆಟ್ ಎತ್ತಿ, ಎಂಜಿನ್ ಆಫ್ ಮಾಡಿ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಹಿಂದುಗಡೆ ಕೈ ಆಡಿಸಿದೆ. ಅಲ್ಲಿ ಪಿಸಿವಿ ಪೈಪಿನ (ಎಂಜಿನ್ನಿನ ಹೊಟ್ಟೆಯ ಆವಿಯನ್ನು ಮತ್ತೆ ಗಾಳಿಯ ದಾರಿಗೆ ತರುವ ಪೈಪು) ಒಂದು ರಬ್ಬರ್ ಬೆಂಡ್ ಇರುತ್ತದೆ, ಹೆಬ್ಬೆರಳಿನಷ್ಟು ದಪ್ಪ. ಮೇಲಿಂದ ನೋಡಿದರೆ ಚೆನ್ನಾಗೇ ಇತ್ತು. ಕೆಳಗಡೆ ಬೆರಳಿಟ್ಟರೆ ಮೆತ್ತಗೆ, ಎಣ್ಣೆಯಲ್ಲಿ ನೆನೆದ ಹಪ್ಪಳದ ಹಿಟ್ಟಿನ ಹಾಗೆ. ಸ್ವಲ್ಪ ಒತ್ತಿದೆ, ಬೆರಳು ಒಳಗೇ ಹೋಯಿತು. "ಭಾವ, ಇಲ್ಲಿ ಬನ್ನಿ, ನಿಮ್ಮ ಕೈಯಲ್ಲೇ ಮುಟ್ಟಿ ನೋಡಿ" ಅಂದೆ. ಅವರು ಮುಟ್ಟಿದರು. ತುಂಬಾ ಹೊತ್ತು ಮಾತಾಡಲಿಲ್ಲ. ಎರಡು ಸೆನ್ಸರಿಗೆ ಕೊಟ್ಟ ದುಡ್ಡಿನ ಮುಂದೆ ಆ ರಬ್ಬರ್ ತುಂಡಿನ ಬೆಲೆ ಏನೂ ಅಲ್ಲ.

ಹಳೆಯ ಗಾಡಿಯಲ್ಲಿ ಕೋಡ್‌ಗಳು ಗುಂಪಾಗಿ ಬಂದರೆ ಇದೆಲ್ಲಕ್ಕೂ ಮುಂಚೆ ಬ್ಯಾಟರಿ ನೋಡಿಬಿಡಿ. ಎಂಜಿನ್ ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಅರ್ತ್ ವೈರ್ ತುಕ್ಕು ಹಿಡಿದಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತು ಕೋಡ್ ಬರಬಹುದು. ಎಷ್ಟೋ ಸೆನ್ಸರ್‌ಗಳು ಒಂದೇ 5 ವೋಲ್ಟ್ ಲೈನಿನಿಂದ ಕರೆಂಟ್ ಪಡೆಯುತ್ತವೆ. ಅದರಲ್ಲಿ ಒಂದು ಶಾರ್ಟ್ ಆದರೆ ಉಳಿದವೂ ತಪ್ಪು ಲೆಕ್ಕ ಕೊಡುತ್ತವೆ.

ಇನ್ನೊಂದು ಮಾತು. ಕೋಡ್ ಅಳಿಸುವ ಬಟನ್ನಿಗೆ ಕೈ ಹಾಕುವ ಮುಂಚೆ ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿತ್ತು ಅನ್ನುವುದೆಲ್ಲ ಅದರಲ್ಲಿರುತ್ತದೆ. ಸುಮ್ನೆ ಅಳಿಸಿದರೆ ಅದೂ ಹೋಗುತ್ತದೆ. ದೀಪ ಮಿಣುಕುತ್ತಿದ್ದರಂತೂ ಗಾಡಿ ಓಡಿಸಬೇಡಿ. ಮಿಸ್‌ಫೈರ್ ಆಗಿ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು, ಅದನ್ನು ಹಾಳು ಮಾಡುತ್ತದೆ.

ರಬ್ಬರ್ ಬದಲಾಯಿಸಿದ ಮೇಲೆ ಐಡ್ಲಿಂಗ್ ಟ್ರಿಮ್ ಪ್ಲಸ್ 3ಕ್ಕೆ ಬಂತು. ಲೀನ್ ಕೋಡ್ ಎರಡೂ, ಮಿಸ್‌ಫೈರ್ ಕೋಡೂ ಮತ್ತೆ ಬರಲಿಲ್ಲ. ಪಿ0420 ಮಾತ್ರ ಎರಡು ವಾರ ಬಿಟ್ಟು ಬಂತು, ಈ ಸಲ ಒಂಟಿಯಾಗಿ. ಭಾವ ಫೋನ್ ಮಾಡಿದರು. ಅಂಗಡಿಗೆ ಹೋಗಿರಲಿಲ್ಲ. "ಮೊದಲು ಸೈಲೆನ್ಸರ್ ಪೈಪಿನ ಜಾಯಿಂಟ್‌ನಲ್ಲಿ ಎಲ್ಲಾದರೂ ಸೋರುತ್ತಿದೆಯಾ ನೋಡ್ತೀನಿ, ಆಮೇಲೆ ಕನ್ವರ್ಟರ್ ವಿಷಯ" ಅಂದರು.