ಲಯ ಕಟ್ಟುವವರು ಇಬ್ಬರಾದರೆ: ಮೋರ್ಸ್ ಕೀಯರ್ ರೇಡಿಯೊದೊಳಗೆ ಬಂದ ಬಗೆ

ಮೋರ್ಸ್ ಸಂಕೇತದ ಚಿಕ್ಕ ಸದ್ದು ಡಿಟ್, ಉದ್ದದ್ದು ಡಾ. ಪ್ಯಾಡಲ್ ಎಂಬ ಎರಡು ಬದಿಯ ಸ್ವಿಚ್ಚನ್ನು ಒತ್ತಿದಾಗ ಇವನ್ನು ಸರಿಯಾದ ಅಳತೆಯಲ್ಲಿ ಕಟ್ಟಿಕೊಡುವುದು ಕೀಯರ್. ಹೊರಗಿನ ಕೀಯರನ್ನು ರೇಡಿಯೊದ ಕೀ ಜ್ಯಾಕ್‌ಗೆ ಸಿಕ್ಕಿಸಿ, ಪ್ಯಾಡಲ್‌ನಲ್ಲಿ ಒಂದು ಡಾ ಒತ್ತಿದರೆ ಎರಡು ಡಿಟ್ ಹೊರಡುತ್ತವೆ. ಹೊಸಬರು ಮೊದಲು ಕೇಬಲ್ ಬದಲಿಸುತ್ತಾರೆ, ಆಮೇಲೆ ಕೀಯರನ್ನು ಬೈಯುತ್ತಾರೆ. ಎರಡರಲ್ಲೂ ದೋಷವಿರುವುದಿಲ್ಲ. ನಿಮಿಷಕ್ಕೆ 20 ಪದದ ವೇಗದಲ್ಲಿ ಡಿಟ್ 60 ಮಿಲಿಸೆಕೆಂಡ್, ಡಾ 180. ರೇಡಿಯೊದೊಳಗಿನ ಕೀಯರ್ ಕೂಡ ಅದೇ ವೇಗದಲ್ಲಿ ಚಾಲೂ ಇದ್ದರೆ, ಹೊರಗಿನಿಂದ ಬಂದ 180 ಮಿಲಿಸೆಕೆಂಡಿನ ಸಂಪರ್ಕವನ್ನು ಅದು ಡಿಟ್ ಬದಿಯನ್ನು ಅಷ್ಟು ಹೊತ್ತು ಒತ್ತಿ ಹಿಡಿದಂತೆ ಓದುತ್ತದೆ: 60 ಡಿಟ್, 60 ಬಿಡುವು, ಮತ್ತೆ 60 ಡಿಟ್. ಲಯ ಕಟ್ಟುವ ಕೆಲಸಕ್ಕೆ ಇಬ್ಬರು ನಿಂತಿದ್ದಾರೆ, ತೊಂದರೆ ಅಷ್ಟೇ. ಮೆನುವಿನಲ್ಲಿ ಕೀ ಬಗೆಯನ್ನು ‘ಸ್ಟ್ರೈಟ್’ ಮಾಡಿದರೆ ಒಳಗಿನವನು ಸುಮ್ಮನಾಗುತ್ತಾನೆ.

ಈ ಗೊಂದಲ ಟೆಲಿಗ್ರಾಫ್ ಕಾಲದಲ್ಲಿ ಇರಲಿಲ್ಲ. ಸ್ಟ್ರೈಟ್ ಕೀ ಬರೀ ಒಂದು ಸ್ವಿಚ್ಚು. ಡಿಟ್ ಎಷ್ಟು, ಡಾ ಎಷ್ಟು ಎಂಬ ಅಳತೆಯೆಲ್ಲ ಮಣಿಕಟ್ಟಿನದು. ದಿನವಿಡೀ ಬಡಿಯುತ್ತಿದ್ದವರ ಕೈ ಸೆಟೆದುಕೊಳ್ಳುತ್ತಿತ್ತು, ಅದಕ್ಕೆ ‘ಗ್ಲಾಸ್ ಆರ್ಮ್’ ಎಂಬ ಹೆಸರೇ ಇತ್ತು. 1904ರಲ್ಲಿ ಹೊರೇಸ್ ಮಾರ್ಟಿನ್ ಪೇಟೆಂಟ್ ಪಡೆದ ವೈಬ್ರೊಪ್ಲೆಕ್ಸ್, ಅಂದರೆ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ಬಾಯಲ್ಲಿನ ‘ಬಗ್’, ಅರ್ಧ ಹೊರೆ ಇಳಿಸಿತು. ಹೆಬ್ಬೆರಳಿನಿಂದ ಒಂದು ಬದಿಗೆ ತಳ್ಳಿ ಹಿಡಿದರೆ ತೂಕ ಕಟ್ಟಿದ ಸ್ಪ್ರಿಂಗ್ ಕಂಪಿಸುತ್ತ ಡಿಟ್‌ಗಳನ್ನು ತಾನೇ ಉದುರಿಸುತ್ತದೆ. ಡಾ ಮಾತ್ರ ಒಂದೊಂದಾಗಿ ಕೈಯಿಂದಲೇ. ವೇಗ ಬದಲಿಸಬೇಕೆಂದರೆ ತೂಕವನ್ನು ಸರಿಸಬೇಕು.

ಇಂದಿನ ಮೆನುವಿನಲ್ಲಿ ಈ ಚರಿತ್ರೆ ಹಾಗೇ ಉಳಿದಿದೆ. ಐಕಾಮ್ ಐಸಿ-7300 ಎಂಬ ಹ್ಯಾಮ್ ರೇಡಿಯೊದಲ್ಲಿ ಕೀ ಬಗೆ ಮೂರು: ಸ್ಟ್ರೈಟ್, ಬಗ್, ಪ್ಯಾಡಲ್. ಇಲ್ಲೊಂದು ಬಲೆಯಿದೆ. ನಿಜವಾದ ಬಗ್ ಇಟ್ಟುಕೊಂಡವರು ಆರಿಸಬೇಕಾದ್ದು ‘ಸ್ಟ್ರೈಟ್’; ಅದರಿಂದ ಬರುವುದು ಎರಡೇ ತಂತಿ, ಡಿಟ್ ಆಗಲೇ ತಯಾರಾಗಿದೆ. ಮೆನುವಿನ ‘ಬಗ್’ ಇರುವುದು ಪ್ಯಾಡಲ್ ಹಿಡಿದು ಬಗ್‌ನ ಶೈಲಿಯಲ್ಲಿ ಆಡಬೇಕೆನ್ನುವವರಿಗೆ.

ಎಲೆಕ್ಟ್ರಾನಿಕ್ ಕೀಯರ್ ಮೊದಲು ವ್ಯಾಕ್ಯೂಮ್ ಟ್ಯೂಬ್‌ಗಳಲ್ಲಿ, ಆಮೇಲೆ ಟ್ರಾನ್ಸಿಸ್ಟರ್‌ಗಳಲ್ಲಿ ಬಂದು ಡಾವನ್ನೂ ಕೈಯಿಂದ ಕಿತ್ತುಕೊಂಡಿತು. ಎರಡು ಪ್ಯಾಡಲ್‌ಗಳನ್ನು ಒಟ್ಟಿಗೆ ಹಿಂಡಿದರೆ ಡಿಟ್-ಡಾ ಸರದಿಯಲ್ಲಿ ಬರುವುದು ಅಯಾಂಬಿಕ್ ವಿಧಾನ. 1973ರಲ್ಲಿ ಕ್ಯೂಎಸ್‌ಟಿ ಎಂಬ ಹ್ಯಾಮ್ ಪತ್ರಿಕೆಯಲ್ಲಿ ಜೇಮ್ಸ್ ಗ್ಯಾರೆಟ್ ಪ್ರಕಟಿಸಿದ ಅಕ್ಯು-ಕೀಯರ್ ಅನ್ನು ಬಹಳ ಜನ ಮನೆಯಲ್ಲೇ ಕಟ್ಟಿಕೊಂಡರು. ಅದೇ ದಶಕದಲ್ಲಿ ಕರ್ಟಿಸ್ 8044 ಚಿಪ್ ಇಡೀ ಕೀಯರನ್ನು ಒಂದೇ ಐಸಿಗೆ ಇಳಿಸಿತು. ಇವೆರಡರ ನಡುವಿನ ಒಂದು ಸಣ್ಣ ವ್ಯತ್ಯಾಸ ಇಂದಿಗೂ ಕೈಗಳನ್ನು ಎರಡು ಪಂಗಡ ಮಾಡಿದೆ. ಕರ್ಟಿಸ್‌ನದು ಮೋಡ್ ಎ: ಹಿಡಿತ ಬಿಟ್ಟರೆ ನಡೆಯುತ್ತಿರುವ ಅಂಶ (ಡಿಟ್ ಅಥವಾ ಡಾ) ಮುಗಿದು ನಿಲ್ಲುತ್ತದೆ. ಅಕ್ಯು-ಕೀಯರ್‌ನದು ಮೋಡ್ ಬಿ: ಹಿಂಡಿದ ಹಿಡಿತ ಬಿಟ್ಟ ಮೇಲೂ ಎದುರು ಬದಿಯ ಒಂದು ಅಂಶ ಸೇರುತ್ತದೆ. ‘ಸಿ’ ಅಕ್ಷರದಲ್ಲಿ (ಡಾ-ಡಿಟ್-ಡಾ-ಡಿಟ್) ಬಿ-ಯವರು ಮೂರನೆಯ ಅಂಶದಲ್ಲೇ ಬೆರಳು ಸಡಿಲಿಸಬಹುದು. ಎ ರೂಢಿಯವರು ಬಿ-ಯಲ್ಲಿದ್ದ ರೇಡಿಯೊ ಮುಟ್ಟಿದರೆ ‘ಎ’ ಅಕ್ಷರ (ಡಿಟ್-ಡಾ) ಹೋಗಿ ‘ಆರ್’ (ಡಿಟ್-ಡಾ-ಡಿಟ್) ಆಗುತ್ತದೆ, ‘ಎನ್’ ‘ಕೆ’ ಆಗುತ್ತದೆ, ‘ಕೆ’ ‘ಸಿ’ ಆಗುತ್ತದೆ. ಅಕ್ಷರದ ಬಾಲ ಬೆಳೆಯುತ್ತಿದ್ದರೆ ಅಭ್ಯಾಸ ಸಾಲದು ಎಂದು ಕೊರಗುವ ಮೊದಲು ಮೋಡ್ ನೋಡಿ. ಒಳಗಿನ ಕೀಯರ್‌ನಲ್ಲಿ ಮೋಡ್ ಬದಲಿಸುವ ಅವಕಾಶ ಎಲ್ಲ ರೇಡಿಯೊಗಳಲ್ಲೂ ಇಲ್ಲ. ಹಲವು ರೇಡಿಯೊಗಳಿದ್ದರೂ ಕೆಲವರು ಹೊರಗಿನ ಒಂದೇ ಕೀಯರನ್ನು ಬಿಡದಿರುವುದು ಮುಖ್ಯವಾಗಿ ಈ ಕಾರಣಕ್ಕೆ. ಕೈಗೆ ಒಂದೇ ನಡೆ ಸಿಗುತ್ತದೆ.

ಕೀಯರ್ ಒಳಗೆ ಬಂದಾಗ ಜ್ಯಾಕ್‌ಗೆ ಮೂರನೆಯ ತಂತಿ ಬಂತು: ಸಾಮಾನ್ಯವಾಗಿ ಪ್ಲಗ್‌ನ ತುದಿ (ಟಿಪ್) ಡಿಟ್‌ಗೆ, ನಡುವಿನ ಉಂಗುರ (ರಿಂಗ್) ಡಾಗೆ, ಬುಡದ ಭಾಗ (ಸ್ಲೀವ್) ಗ್ರೌಂಡ್‌ಗೆ. ಸ್ಟ್ರೈಟ್ ಕೀಯ ಹಳೆಯ ಮೋನೊ ಪ್ಲಗ್ ಇಲ್ಲಿ ರಿಂಗನ್ನು ಸ್ಲೀವ್‌ಗೆ ಶಾರ್ಟ್ ಮಾಡುತ್ತದೆ. ಪ್ಯಾಡಲ್ ಮೋಡ್‌ನಲ್ಲಿದ್ದರೆ ನಿಲ್ಲದ ಡಾ-ಮಾಲೆ ಶುರು. ಕೆಲವು ಚಿಕ್ಕ ರೇಡಿಯೊಗಳು ಆನ್ ಆಗುವಾಗಲೇ ಈ ಶಾರ್ಟ್ ಕಂಡರೆ ತಾವಾಗಿ ಸ್ಟ್ರೈಟ್‌ಗೆ ತಿರುಗುತ್ತವೆ, ಎಲ್ಲವೂ ಅಲ್ಲ. ಹೊರಗಿನ ಕೀಯರ್‌ಗೂ ಸ್ಟ್ರೈಟ್ ಕೀಗೂ ಸ್ಟೀರಿಯೊ ಪ್ಲಗ್ ಹಾಕಿ, ರಿಂಗಿಗೆ ಏನನ್ನೂ ಬೆಸೆಯದೆ ಬಿಡುವುದು ಮೇಲು. ಮೊದಲ ಪರೀಕ್ಷೆಯನ್ನು ಬ್ರೇಕ್-ಇನ್ (ಕೀ ಒತ್ತಿದೊಡನೆ ರೇಡಿಯೊ ತಾನೇ ಪ್ರಸಾರಕ್ಕೆ ಹೊರಳುವ ವ್ಯವಸ್ಥೆ) ಆಫ್ ಮಾಡಿ ನಡೆಸಿ. ಹಾಗೆ ಮಾಡಿದರೆ ಹೆಚ್ಚಿನ ಆಧುನಿಕ ರೇಡಿಯೊಗಳು ಪ್ರಸಾರ ಮಾಡದೆ ಸೈಡ್‌ಟೋನ್, ಅಂದರೆ ನಿಮ್ಮದೇ ಕೀಯಿಂಗ್‌ನ ಸದ್ದು, ಮಾತ್ರ ಕೇಳಿಸುತ್ತವೆ. ಕೀಯರ್‌ಗೂ ಸ್ವಂತ ಸೈಡ್‌ಟೋನ್ ಇದ್ದರೆ ಎರಡರಲ್ಲಿ ಒಂದನ್ನು ಮುಚ್ಚಿ.

ಹಳೆಯ ಟ್ಯೂಬ್ ಟ್ರಾನ್ಸ್‌ಮಿಟರ್‌ಗೆ ಇಂದಿನ ಕೀಯರ್ ಜೋಡಿಸುವವರು ಮೊದಲು ಕೀ ಜ್ಯಾಕ್‌ನಲ್ಲಿ ಮೀಟರ್ ಇಡಬೇಕು. ಈಗಿನ ರೇಡಿಯೊಗಳಲ್ಲಿ ಅಲ್ಲಿರುವುದು ಕೆಲವೇ ಧನ ವೋಲ್ಟ್. ಟ್ಯೂಬ್‌ನ ಗ್ರಿಡ್ ಅನ್ನು ಋಣ ವೋಲ್ಟೇಜಿನಿಂದ ತಡೆಹಿಡಿಯುವ ಗ್ರಿಡ್-ಬ್ಲಾಕ್ ಕೀಯಿಂಗ್‌ನಲ್ಲಿ ಆ ವೋಲ್ಟೇಜ್ ನೂರು ದಾಟಬಹುದು. ಟ್ಯೂಬ್‌ನ ಕ್ಯಾಥೋಡ್ ತಂತಿಯನ್ನೇ ಕಡಿದು ಜೋಡಿಸುವ ಕ್ಯಾಥೋಡ್ ಕೀಯಿಂಗ್‌ನಲ್ಲಿ ಹೆಚ್ಚು ಧನ ವೋಲ್ಟೇಜ್, ಜೊತೆಗೆ ಗಣನೀಯ ಕರೆಂಟ್. ಕೀಯರ್‌ನ ಔಟ್‌ಪುಟ್‌ನಲ್ಲಿ 2ಎನ್7000 ಮಾಸ್‌ಫೆಟ್ ಇದ್ದರೆ ಅದರ ಮಿತಿ 60 ವೋಲ್ಟ್. ಋಣ ವೋಲ್ಟೇಜಿಗೆ ಸಿಕ್ಕರೆ ಅದರ ಒಳಗಿನ ಡಯೋಡೇ ಹರಿಸತೊಡಗಿ ಟ್ರಾನ್ಸ್‌ಮಿಟರ್ ಸದಾ ಕೀ ಒತ್ತಿದಂತೆಯೇ ಇರುತ್ತದೆ. ಸಂಪರ್ಕಗಳು ಆ ವೋಲ್ಟೇಜನ್ನು ತಾಳುವ ಸಣ್ಣ ರೀಡ್ ರಿಲೇ ಇಲ್ಲಿ ಸುಲಭ ಪರಿಹಾರ. ಹೊಸ ರೇಡಿಯೊಗಳಲ್ಲಿ ತೊಂದರೆ ಉಲ್ಟಾ: ಕೀ ಮುಚ್ಚಿದಾಗ ಉಳಿಯುವ ವೋಲ್ಟೇಜ್ ಅರ್ಧ ವೋಲ್ಟ್‌ಗಿಂತ ಕೆಳಗಿರಬೇಕೆಂದು ಬಯಸುವವು ಇವೆ. ಡಾರ್ಲಿಂಗ್ಟನ್ (ಜೋಡಿ ಟ್ರಾನ್ಸಿಸ್ಟರ್) ಔಟ್‌ಪುಟ್‌ನ ಆಪ್ಟೊಕಪ್ಲರ್, ಅಂದರೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಸ್ವಿಚ್ಚು, 0.7 ವೋಲ್ಟ್‌ಗಿಂತ ಕೆಳಗಿಳಿಯುವುದಿಲ್ಲವಾದ್ದರಿಂದ ಅಲ್ಲಿ ಕೀಯೇ ಬೀಳದಿರಬಹುದು.

5 ವ್ಯಾಟ್‌ನಲ್ಲಿ ಸರಿಯಾಗಿದ್ದ ಕೀಯರ್ 100 ವ್ಯಾಟ್‌ನಲ್ಲಿ ತೊದಲಿದರೆ ಅದು ಪ್ಯಾಡಲ್ ತಂತಿಗೆ ನುಗ್ಗಿದ ಆರ್‌ಎಫ್, ಅಂದರೆ ರೇಡಿಯೊದ್ದೇ ಪ್ರಸಾರದ ಶಕ್ತಿ. ಶೀಲ್ಡ್ ಇರುವ ಕೇಬಲ್, ಡಿಟ್ ಮತ್ತು ಡಾ ಎರಡರಿಂದಲೂ ಗ್ರೌಂಡಿಗೆ 1 ನ್ಯಾನೊಫ್ಯಾರಡ್ ಕೆಪಾಸಿಟರ್, ಕೇಬಲ್‌ಗೆ ಫೆರೈಟ್ ಕ್ಲಿಪ್, ಈ ಕ್ರಮದಲ್ಲಿ ನೋಡಿ. ಮೂಲ ಕಾರಣ ಹೆಚ್ಚಾಗಿ ಆಂಟೆನಾ ಕೋಆಕ್ಸ್‌ನ ಹೊರಮೈಯಲ್ಲಿ ಹರಿಯುವ ಕರೆಂಟ್ ಆಗಿರುತ್ತದೆ.

ಲಯ ಕಟ್ಟಲು ಕಂಪ್ಯೂಟರ್ ಮೂರನೆಯವನಾಗಿ ಬಂತು. ಸೀರಿಯಲ್ ಪೋರ್ಟ್‌ನ ಡಿಟಿಆರ್ ಎಂಬ ನಿಯಂತ್ರಣ ತಂತಿಯನ್ನೇ ಕೀ ಮಾಡಿದರೆ, ಆಪರೇಟಿಂಗ್ ಸಿಸ್ಟಂ ಬೇರೆ ಕೆಲಸಕ್ಕೆ ಹೊರಳಿದಾಗಲೆಲ್ಲ ಡಿಟ್ ಅಡ್ಡಾದಿಡ್ಡಿಯಾಗುತ್ತದೆ. ವಿನ್‌ಕೀಯರ್ ಎಂಬ ಹೊರಗಿನ ಕೀಯರ್ ಇದನ್ನು ಜಾಣತನದಿಂದ ಬಿಡಿಸಿತು: ಕಂಪ್ಯೂಟರ್ ಅಕ್ಷರಗಳನ್ನಷ್ಟೇ ಕಳಿಸುತ್ತದೆ, ಅಳತೆ ಹಾಕುವುದು ಪೆಟ್ಟಿಗೆಯೊಳಗಿನ ಮೈಕ್ರೊಕಂಟ್ರೋಲರ್, ಪ್ಯಾಡಲ್ ಕೂಡ ಅದಕ್ಕೇ. ಹಾಗಾಗಿ ಕಾಂಟೆಸ್ಟ್ (ರೇಡಿಯೊ ಸಂಪರ್ಕದ ಸ್ಪರ್ಧೆ) ಆಡುವವರ ಮೇಜಿನ ಮೇಲೆ, ರೇಡಿಯೊದೊಳಗೆ ಕೀಯರ್ ಇದ್ದರೂ, ಹೊರಗಿನದು ಉಳಿದಿದೆ. ಯುಎಸ್‌ಬಿ ಕೇಬಲ್ ಒಂದರಲ್ಲೇ ಡಿಟಿಆರ್ ಕೀಯಿಂಗ್ ಮಾಡುವವರು, ಸಾಫ್ಟ್‌ವೇರ್ ಪೋರ್ಟ್ ತೆರೆದ ಕ್ಷಣ ಆ ತಂತಿ ಮೇಲೇರಿ ರೇಡಿಯೊ ಕ್ಯಾರಿಯರ್ (ನಿಲ್ಲದ ಪ್ರಸಾರ) ಬಿಡಬಹುದೆಂದು ತಿಳಿದಿರಬೇಕು. ಪ್ರೋಗ್ರಾಂ ತೆರೆಯುವಾಗ ಬ್ರೇಕ್-ಇನ್ ಆಫ್ ಇರಲಿ, ಪೋರ್ಟ್ ಸೆಟ್ಟಿಂಗ್‌ನಲ್ಲಿ ಡಿಟಿಆರ್‌ಗೆ ‘ಯಾವಾಗಲೂ ಆನ್’ ಬದಲು ‘ಸಿಡಬ್ಲ್ಯೂ’ (ಮೋರ್ಸ್ ಪ್ರಸಾರ) ಎಂದಿದೆಯೇ ನೋಡಿಕೊಂಡ ಮೇಲೆ ಆನ್ ಮಾಡಿ.