ಬಳ್ಳಾರಿಯ ಬೇಸಿಗೆಯಲ್ಲಿ ಕಿಲ್ಲಿಫಿಶ್ ಉಳಿಯುತ್ತಾ?

ಪ್ರಶ್ನೆ: ನಮ್ಮದು ಬಳ್ಳಾರಿ, ಆರ್‌ಸಿಸಿ ಮನೆ. ಏಪ್ರಿಲ್ ಬಂತೆಂದರೆ ಟ್ಯಾಂಕಿನ ನೀರೂ ಕಾಯುತ್ತದೆ. ಇಲ್ಲಿ ಕಿಲ್ಲಿಫಿಶ್ (ಅಕ್ವೇರಿಯಂನಲ್ಲಿ ಸಾಕುವ ಪುಟ್ಟ ಬಣ್ಣದ ಮೀನು) ಸಾಕಿ ಮರಿ ಮಾಡಿಸಬಹುದೇ?

ಖಂಡಿತ ಮಾಡಿಸಬಹುದು, ಮೀನು ಸರಿಯಾಗಿ ಆರಿಸಿಕೊಂಡರೆ. ನೈಜೀರಿಯಾ, ಕ್ಯಾಮರೂನ್ ಕಡೆಯ ಗಾರ್ಡ್ನೆರಿ ಎಂಬ ಕಿಲ್ಲಿಫಿಶ್‌ಗೆ 22ರಿಂದ 26 ಡಿಗ್ರಿ ನೀರು ಹಿತ. ನಮ್ಮ ಮೇ ತಿಂಗಳಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ನಾನು ಹೇಳುವುದು ಜಾಂಜಿಬಾರಿನ ನೊಥೊಬ್ರಾಂಕಿಯಸ್ ಗುಂತರಿ ಎಂಬ ಕಿಲ್ಲಿಫಿಶ್. ಇದು ಮಳೆಹೊಂಡದ ಮೀನು. ಹೊಂಡ ಬತ್ತಿದರೆ ಮೀನೆಲ್ಲ ಸಾಯುತ್ತವೆ. ಮೊಟ್ಟೆಗಳು ಮಾತ್ರ ಕೆಸರಿನಲ್ಲಿ ಜೀವ ಹಿಡಿದು ಮುಂದಿನ ಮಳೆಗೆ ಕಾಯುತ್ತವೆ. ಹಾಗಾಗಿ ನಮ್ಮ ಬೇಸಿಗೆಯನ್ನು ಇದು ಮೊಟ್ಟೆಯಾಗಿಯೇ ದಾಟಲಿ.

ಫೆಬ್ರುವರಿಯಲ್ಲಿ ಒಂದು ಗಂಡು, ಎರಡು ಹೆಣ್ಣು ಬಿಡಿ. ಟ್ಯಾಂಕಿಗೆ ಮುಚ್ಚಳ ಬೇಕೇ ಬೇಕು, ಇವು ಹಾರುತ್ತವೆ. ಸೊಳ್ಳೆಮರಿಯಂಥ ಜೀವಂತ ಆಹಾರ ಕೊಟ್ಟಷ್ಟೂ ಮೊಟ್ಟೆ ಹೆಚ್ಚು. ತೆಂಗಿನ ನಾರಿನ ಪುಡಿಯನ್ನು ಕುದಿಸಿ, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ಐಸ್‌ಕ್ರೀಮ್ ಡಬ್ಬಿಯಲ್ಲಿ ಎರಡು ಇಂಚು ತುಂಬಿ ಒಳಗಿಡಿ. ಗಂಡು ತನ್ನ ಬೆನ್ನಿನ ರೆಕ್ಕೆಯನ್ನು ಹೆಣ್ಣಿನ ಮೇಲೆ ಹೊದಿಸಿ, ಎರಡೂ ಪುಡಿಗೆ ಒತ್ತಿಕೊಂಡು ಒಮ್ಮೆ ನಡುಗುತ್ತವೆ. ಒಂದು ನಡುಕಕ್ಕೆ ಒಂದೇ ಮೊಟ್ಟೆ. ಗಂಟೆಗಟ್ಟಲೆ ಕೂತು ನೋಡಬೇಕೆನಿಸುವ ನೋಟ ಅದು.

ಎರಡು ವಾರಕ್ಕೊಮ್ಮೆ ಪುಡಿ ತೆಗೆದು, ಮೆಲ್ಲಗೆ ಹಿಂಡಿ, ಹಾಳೆಯ ಮೇಲೆ ನೆರಳಲ್ಲಿ ಹರಡಿ. ಎಲ್ಲ ಕೆಡುವುದೂ ಕೂಡುವುದೂ ಈ ಹದದಲ್ಲೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಒಂದು ಹನಿಯೂ ಇಳಿಯಬಾರದು. ಹಸಿ ಹೆಚ್ಚಾದರೆ ಮೊಟ್ಟೆಗೆ ಬೂಷ್ಟು ಹಿಡಿಯುತ್ತದೆ, ತೀರಾ ಒಣಗಿದರೆ ಮೊಟ್ಟೆ ಕುಗ್ಗಿಹೋಗುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತಾರೀಕು ಬರೆದು, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಮೂಲೆಯಲ್ಲಿಡಿ. ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುತ್ತದೆ. ಸೆಕೆಗೆ ಬೇಗ ಬಲಿಯುವುದುಂಟು, ಆಗಾಗ ಭೂತಗನ್ನಡಿ ಹಿಡಿದು ನೋಡಿ. ಮೊಟ್ಟೆಯೊಳಗೆ ಹೊಂಬಣ್ಣದ ಉಂಗುರದ ಕಣ್ಣು ಕಂಡರೆ ಮರಿ ಸಿದ್ಧ. ಅಷ್ಟೊತ್ತಿಗೆ ಜೂನ್ ಮಳೆಯೂ ಬಂದಿರುತ್ತದೆ.

ದೊಡ್ಡ ಮೀನುಗಳ ಆಯಸ್ಸು ಹೆಚ್ಚೆಂದರೆ ವರ್ಷದ ಆಚೀಚೆ. ಬೇಸಿಗೆಯಲ್ಲಿ ಮುಚ್ಚಳದ ಬದಲು ಬಲೆ ಕಟ್ಟಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಲಿ. ನಮ್ಮದು ಒಣಹವೆ, ಆವಿಯಾಗುತ್ತಾ ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ. ಬೋರ್‌ವೆಲ್‌ನ ಗಡಸು ನೀರಿಗೆ ಹೆದರಬೇಡಿ, ಇವಕ್ಕೆ ಒಗ್ಗುತ್ತದೆ.

ಮರಿ ಮಾಡಿಸುವ ದಿನ ಪುಡಿಯನ್ನು ಅಗಲ ಡಬ್ಬಿಗೆ ಸುರಿದು, ಕ್ಲೋರಿನ್ ಇಲ್ಲದ ತಂಪು ನೀರನ್ನು ಎರಡು ಇಂಚು ಹಾಕಿ. ಕೆಲವೇ ಗಂಟೆಗಳಲ್ಲಿ ಮರಿಗಳು ಈಜುತ್ತಿರುತ್ತವೆ. ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆಗಳನ್ನು ಉಪ್ಪುನೀರಲ್ಲಿ ಹಿಂದಿನ ದಿನವೇ ನೆನೆಹಾಕಿರಬೇಕು, ಯಾಕೆಂದರೆ ಮೀನಿನ ಮರಿಗಳಿಗೆ ಮೊದಲ ದಿನದಿಂದಲೇ ಅದರ ಮರಿ ಆಹಾರವಾಗಿ ಬೇಕು. ಮೀನಿನ ಮೊಟ್ಟೆಗಳೆಲ್ಲ ಒಂದೇ ಸಲ ಒಡೆಯುವುದಿಲ್ಲ. ಉಳಿದ ಪುಡಿಯನ್ನು ಎಸೆಯದೆ ಮತ್ತೆ ಅದೇ ಹದಕ್ಕೆ ಆರಿಸಿ ಕಟ್ಟಿಡಿ, ತಿಂಗಳು ಬಿಟ್ಟು ಇನ್ನೊಮ್ಮೆ ನೀರು ಹಾಕಿ.